ಕಂಪ್ಯೂಟರ್ ಸೈನ್ಸ್ ಫೈನಲ್ ಪರೀಕ್ಷೆಗೆ ತಯಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಯ ಕೊನೆಯ ಪರೀಕ್ಷೆ ಹತ್ತಿರ ಬಂದಾಗ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಪಠ್ಯಕ್ರಮ ಬೋರ್ಡಿನಿಂದ ಬೋರ್ಡಿಗೆ ಬದಲಾಗುತ್ತದೆ. ಹಾಗಾಗಿ ಎಲ್ಲ ಕಡೆ ಬರುವ ವಿಷಯಗಳನ್ನೇ ಇಲ್ಲಿ ತೆಗೆದುಕೊಂಡಿದ್ದೇನೆ. ಉದಾಹರಣೆಗಳನ್ನು ಸುಮ್ನೆ ಓದಿ ಮುಂದೆ ಹೋಗಬೇಡಿ. ಪಕ್ಕದಲ್ಲಿ ಒಂದು ಹಾಳೆ, ಪೆನ್ನು ಇಟ್ಟುಕೊಳ್ಳಿ.

ಓದು ಎಲ್ಲಿಂದ ಶುರು ಮಾಡಬೇಕು?

ಹಳೆಯ ಪ್ರಶ್ನೆಪತ್ರಿಕೆಗಳಿಂದ. ಪುಸ್ತಕದ ಮೊದಲ ಪುಟದಿಂದ ಅಲ್ಲ. ಮೊದಲ ಪುಟದಿಂದ ಶುರು ಮಾಡಿದವರು ಮೊದಲ ಅಧ್ಯಾಯವನ್ನು ಮೂರು ಸಲ ಓದಿರುತ್ತಾರೆ, ಡೇಟಾ ಸ್ಟ್ರಕ್ಚರ್ ಬರುವ ಹೊತ್ತಿಗೆ ದಿನಗಳೇ ಉಳಿದಿರುವುದಿಲ್ಲ.

ಮೂರ್ನಾಲ್ಕು ವರ್ಷದ ಪತ್ರಿಕೆ ತೆಗೆದುಕೊಳ್ಳಿ. ಪ್ರತಿ ಪ್ರಶ್ನೆಯ ಪಕ್ಕ ಅದು ಯಾವ ಅಧ್ಯಾಯದ್ದು, ಎಷ್ಟು ಅಂಕದ್ದು ಅಂತ ಬರೆಯಿರಿ. ಈಗಲೇ ಉತ್ತರ ಬರೆಯಬಲ್ಲೆ ಅನ್ನಿಸಿದ್ದಕ್ಕೆ ಒಂದು ಗುರುತು ಹಾಕಿ, ಅರ್ಧಂಬರ್ಧ ಗೊತ್ತಿರುವುದಕ್ಕೆ ಇನ್ನೊಂದು, ಏನೂ ಗೊತ್ತಿಲ್ಲದ್ದಕ್ಕೆ ಮತ್ತೊಂದು. ಮೊದಲು ಅರ್ಧಂಬರ್ಧ ಗೊತ್ತಿರುವುದನ್ನು ಹಿಡಿಯಿರಿ. ಅಲ್ಲಿ ಸ್ವಲ್ಪ ದುಡಿದರೂ ಅಂಕ ಜಾಸ್ತಿ ಬರುತ್ತದೆ.

ಕಂಪ್ಯೂಟರ್ ಮುಂದೆ ಕೂತರೆ ಪ್ರೋಗ್ರಾಂ ಬರುತ್ತದೆ, ಹಾಳೆ ಮೇಲೆ ಬರುವುದಿಲ್ಲ. ಯಾಕೆ?

ಕಂಪ್ಯೂಟರ್ ಮುಂದೆ ಕೂತಾಗ ನೀವು ಒಬ್ಬರೇ ಬರೆಯುತ್ತಿಲ್ಲ, ಅದಕ್ಕೆ. ಬ್ರಾಕೆಟ್ ತೆರೆದರೆ ಎಡಿಟರ್ ಮುಚ್ಚುತ್ತದೆ. ಎರಡು ಅಕ್ಷರ ಒತ್ತಿದರೆ ಹೆಸರು ಪೂರ್ತಿಯಾಗುತ್ತದೆ. ತಪ್ಪಿದ್ದರೆ ಕೆಂಪು ಗೆರೆ ಬರುತ್ತದೆ. ಓಡಿಸಿ ನೋಡಿ, ಸರಿ ಬರಲಿಲ್ಲ ಅಂದರೆ ಒಂದು ಸಂಖ್ಯೆ ಬದಲಿಸಿ ಮತ್ತೆ ಓಡಿಸುತ್ತೀರಿ. ಪರೀಕ್ಷೆಯಲ್ಲಿ ಇದು ಯಾವುದೂ ಇರುವುದಿಲ್ಲ. ನಿಮ್ಮ ಓದು ಕಂಪ್ಯೂಟರಿನ ಮೇಲೆ, ನಿಮ್ಮ ಪರೀಕ್ಷೆ ಹಾಳೆಯ ಮೇಲೆ. ಈ ಅಂತರವನ್ನು ಮೊದಲೇ ಅಭ್ಯಾಸದಿಂದ ತುಂಬಬೇಕು. ಇಡೀ ತಯಾರಿಯಲ್ಲಿ ಒಂದೇ ಒಂದು ಸಲಹೆ ಕೊಡು ಅಂದರೆ ನಾನು ಕೊಡುವುದು ಇದನ್ನೇ.

ಮಾಡುವ ರೀತಿ ಸುಲಭ. ಪ್ರೋಗ್ರಾಮನ್ನು ಮೊದಲು ಪೆನ್ನಿನಿಂದ ಬರೆಯಿರಿ. ಆಮೇಲೆ ಬರೆದದ್ದನ್ನು ಬರೆದ ಹಾಗೆಯೇ ಟೈಪ್ ಮಾಡಿ. ತಪ್ಪು ಕಣ್ಣಿಗೆ ಬಿದ್ದರೂ ಟೈಪ್ ಮಾಡುವಾಗ ತಿದ್ದಬೇಡಿ. ಓಡಿಸಿ. ಬಂದ ಪ್ರತಿ ತಪ್ಪನ್ನೂ ಹಾಳೆಯಲ್ಲೇ ಕೆಂಪು ಪೆನ್ನಿನಲ್ಲಿ ಗುರುತು ಮಾಡಿ. ಹೀಗೆ ಹತ್ತು ಹನ್ನೆರಡು ಪ್ರೋಗ್ರಾಂ ಆದ ಮೇಲೆ ನಿಮ್ಮ ತಪ್ಪುಗಳು ಯಾವ ಜಾತಿಯವು ಅಂತ ಗೊತ್ತಾಗುತ್ತದೆ. ಒಬ್ಬರು ಯಾವಾಗಲೂ ಕೋಲನ್ ಬಿಡುತ್ತಾರೆ. ಇನ್ನೊಬ್ಬರು ಹೋಲಿಸುವ ಕಡೆ ಎರಡು ಸಮ ಚಿಹ್ನೆಯ ಬದಲು ಒಂದೇ ಹಾಕುತ್ತಾರೆ. ಮತ್ತೊಬ್ಬರಿಗೆ ಲೂಪ್ ಒಂದು ಸುತ್ತು ಕಡಿಮೆ ಓಡುತ್ತದೆ. ನಿಮ್ಮ ತಪ್ಪು ಯಾವುದು ಅಂತ ಗೊತ್ತಿದ್ದರೆ ಪರೀಕ್ಷೆಯ ಕೊನೆಯಲ್ಲಿ ಹುಡುಕಬೇಕಾದದ್ದು ಅದೊಂದನ್ನೇ.

ಪೈಥಾನ್ ಬರೆಯುವವರಿಗೆ ಒಂದು ಮಾತು. ಅಲ್ಲಿ ಸಾಲಿನ ಮುಂದಿನ ಜಾಗಕ್ಕೂ ಅರ್ಥ ಇದೆ. ಹಾಳೆಯ ಮೇಲೆ ಅದು ಅಳ್ಳಕವಾಗಿ ಕಂಡರೆ, ಯಾವ ಸಾಲು ಲೂಪಿನ ಒಳಗಿದೆ ಅಂತ ಓದುವವರಿಗೆ ತಿಳಿಯುವುದಿಲ್ಲ. ಪೆನ್ಸಿಲಿನಲ್ಲಿ ತೆಳುವಾಗಿ ಉದ್ದ ಗೆರೆ ಎಳೆದುಕೊಂಡು ಬರೆಯುವ ರೂಢಿ ಮಾಡಿಕೊಳ್ಳಿ.

ಔಟ್‌ಪುಟ್ ಬರೆಯಿರಿ ಅನ್ನುವ ಪ್ರಶ್ನೆಯಲ್ಲೇ ಅಂಕ ಹೋಗುತ್ತದೆ. ಏನು ಮಾಡಲಿ?

ಮನಸ್ಸಿನಲ್ಲೇ ಲೆಕ್ಕ ಹಾಕುವುದನ್ನು ಬಿಡಿ. ಟ್ರೇಸ್ ಟೇಬಲ್ ಹಾಕಿ. ಪ್ರತಿ ವೇರಿಯಬಲ್‌ಗೆ ಒಂದು ಕಂಬ, ಲೂಪಿನ ಪ್ರತಿ ಸುತ್ತಿಗೆ ಒಂದು ಸಾಲು. ಬೇಸರದ ಕೆಲಸ ಅನ್ನಿಸುತ್ತದೆ, ನಿಜ. ಆದರೆ ಇದಕ್ಕಿಂತ ನಂಬಿಕೆಯ ದಾರಿ ನನಗೆ ಗೊತ್ತಿಲ್ಲ.

ಈ ತುಣುಕನ್ನು ನೋಡಿ. ಇಲ್ಲಿ % ಅಂದರೆ ಶೇಷ, // ಅಂದರೆ ಭಾಗಲಬ್ಧದ ಪೂರ್ಣ ಭಾಗ ಮಾತ್ರ.

ಎನ್ = 472
ಮೊತ್ತ = 0
ಎನ್ > 0 ಇರುವವರೆಗೆ:
— ಅಂಕೆ = ಎನ್ % 10
— ಮೊತ್ತ = ಮೊತ್ತ + ಅಂಕೆ
— ಎನ್ = ಎನ್ // 10
ಮೊತ್ತವನ್ನು ತೋರಿಸು

ಮೊದಲ ಸುತ್ತು: ಅಂಕೆ 2, ಮೊತ್ತ 2, ಎನ್ 47. ಎರಡನೆಯದು: ಅಂಕೆ 7, ಮೊತ್ತ 9, ಎನ್ 4. ಮೂರನೆಯದು: ಅಂಕೆ 4, ಮೊತ್ತ 13, ಎನ್ 0. ಲೂಪ್ ನಿಂತಿತು. ಉತ್ತರ 13.

ಈಗ ಒಂದು ಸಣ್ಣ ಬದಲಾವಣೆ. ಎನ್ ಅನ್ನು 10ರಿಂದ ಭಾಗಿಸುವ ಕೊನೆಯ ಸಾಲನ್ನು ಲೂಪಿನ ಮೊದಲ ಸಾಲಾಗಿ ಇಡಿ. ಎನ್ ಮೊದಲೇ 47 ಆಗುತ್ತದೆ, ಅಂಕೆ 7, ಮೊತ್ತ 7. ಆಮೇಲೆ ಎನ್ 4, ಅಂಕೆ 4, ಮೊತ್ತ 11. ಆಮೇಲೆ ಎನ್ 0, ಅಂಕೆ 0, ಮೊತ್ತ 11. ಉತ್ತರ 11. ಕೊನೆಯ ಅಂಕೆ 2 ಲೆಕ್ಕಕ್ಕೇ ಬರಲಿಲ್ಲ. ಪ್ರಶ್ನೆ ತೆಗೆಯುವವರಿಗೆ ಇಂಥ ಬದಲಾವಣೆ ಅಂದರೆ ಬಹಳ ಇಷ್ಟ. 'ಓ, ಇದು ಅಂಕೆಗಳ ಮೊತ್ತದ ಪ್ರೋಗ್ರಾಂ' ಅಂತ ಗುರುತು ಹಿಡಿದು 13 ಬರೆದವರು ಇಲ್ಲಿ ಬೀಳುತ್ತಾರೆ. ಟೇಬಲ್ ಹಾಕಿದವರು ಬೀಳುವುದಿಲ್ಲ.

ಲೂಪಿನ ತುದಿಗಳನ್ನು ಬೇರೆಯಾಗಿ ಅಭ್ಯಾಸ ಮಾಡಿ. ಪೈಥಾನಿನ ರೇಂಜಿಗೆ 1, 5 ಕೊಟ್ಟರೆ 1, 2, 3, 4 ಬರುತ್ತದೆ, 5 ಬರುವುದಿಲ್ಲ. 10, 0, -3 ಕೊಟ್ಟರೆ 10, 7, 4, 1. ಸೂಡೊಕೋಡ್ (ಯಾವ ಭಾಷೆಯದ್ದೂ ಅಲ್ಲದ, ಮಾತಿನಂಥ ಪ್ರೋಗ್ರಾಂ) ಕೊಡುವ ಪತ್ರಿಕೆಗಳಲ್ಲಿ ಮಾತ್ರ '1ರಿಂದ 5ರವರೆಗೆ' ಅಂದರೆ ಸಾಮಾನ್ಯವಾಗಿ 5 ಕೂಡ ಸೇರುತ್ತದೆ. ಅರೇ 0ಯಿಂದ ಶುರುವಾಗುತ್ತದಾ 1ರಿಂದಲಾ ಅನ್ನುವುದನ್ನೂ ಪತ್ರಿಕೆಯ ಸೂಚನೆಯಲ್ಲಿ ನೋಡಿಕೊಳ್ಳಿ.

ಪ್ರೋಗ್ರಾಂಗಳನ್ನು ಬಾಯಿಪಾಠ ಮಾಡಬಹುದಾ?

ಸಾಲು ಸಾಲಾಗಿ ಬೇಡ. ಒಂದು ಸಾಲು ಮರೆತರೆ ಮುಂದಿನದು ಬರುವುದಿಲ್ಲ. ಪ್ರಶ್ನೆ ಸ್ವಲ್ಪ ತಿರುಗಿದರೂ ಕೈ ಕಟ್ಟಿದ ಹಾಗಾಗುತ್ತದೆ. ಆದರೆ ಕೆಲವು ಪ್ರೋಗ್ರಾಂಗಳ ಎಲುಬಿನ ಗೂಡು ಮಾತ್ರ ಚೆನ್ನಾಗಿ ತಲೆಯಲ್ಲಿರಬೇಕು. ಲೀನಿಯರ್ ಸರ್ಚ್, ಬೈನರಿ ಸರ್ಚ್, ಬಬಲ್ ಸಾರ್ಟ್, ಇನ್ಸರ್ಷನ್ ಸಾರ್ಟ್, ಸ್ಟ್ಯಾಕಿನ (ಕೊನೆಗೆ ಇಟ್ಟದ್ದು ಮೊದಲು ಹೊರಬರುವ ರಾಶಿಯ) ಪುಶ್ ಮತ್ತು ಪಾಪ್, ಅಂದರೆ ಇಡುವುದು ಮತ್ತು ತೆಗೆಯುವುದು, ಫೈಲ್ ತೆರೆದು ಸಾಲು ಓದುವುದು. ಇವಿಷ್ಟು ಗಟ್ಟಿ ಇದ್ದರೆ ಬಹುಪಾಲು ಪ್ರಶ್ನೆಗಳು ಇವುಗಳ ಮೇಲೆಯೇ ನಿಂತಿರುತ್ತವೆ.

ಗೂಡು ಅಂದರೆ ಏನು ಅಂತ ಬೈನರಿ ಸರ್ಚಿನಲ್ಲಿ ನೋಡಿ. ಪಟ್ಟಿ ಮೊದಲೇ ಕ್ರಮವಾಗಿ ಇರಬೇಕು. ಎರಡು ತುದಿ, ಒಂದು ನಡು. ನಡುವಿನದು ಬೇಕಾದ್ದಕ್ಕಿಂತ ಚಿಕ್ಕದಾದರೆ ಎಡ ತುದಿಯನ್ನು ನಡುವಿನ ಆಚೆಗೆ ಸರಿಸುವುದು, ದೊಡ್ಡದಾದರೆ ಬಲ ತುದಿಯನ್ನು ನಡುವಿನ ಈಚೆಗೆ ತರುವುದು. ಎಡ ತುದಿ ಬಲ ತುದಿಯನ್ನು ದಾಟಿದರೆ ಸಿಗಲಿಲ್ಲ ಅಂತ ಅರ್ಥ. ಇಷ್ಟೇ. 'ನಡು'ವಿಗೆ ಒಂದು ಕೂಡಿಸದೆ ಹಾಗೇ ಬಿಟ್ಟರೆ ಕೆಲವೊಮ್ಮೆ ಲೂಪ್ ನಿಲ್ಲುವುದೇ ಇಲ್ಲ. ಯಾಕೆ ಅಂತ ಎರಡೇ ಅಂಶಗಳ ಪಟ್ಟಿ ಇಟ್ಟುಕೊಂಡು ಟೇಬಲ್ ಹಾಕಿ ನೋಡಿ. ಒಮ್ಮೆ ಕಂಡರೆ ಮತ್ತೆ ಮರೆಯುವುದಿಲ್ಲ.

ಇದರ ವೇಗದ ಲೆಕ್ಕವೂ ಇಲ್ಲೇ ಅರ್ಥವಾಗುತ್ತದೆ. ಪ್ರತಿ ಸಲ ಹುಡುಕುವ ಜಾಗ ಅರ್ಧವಾಗುತ್ತದೆ. 1,000 ಅಂಶಗಳಿದ್ದರೆ ಹೆಚ್ಚೆಂದರೆ 10 ಸುತ್ತು ಸಾಕು. 10,00,000 ಇದ್ದರೂ 20 ಸಾಕು. ಲೀನಿಯರ್ ಸರ್ಚಿಗೆ ಕೆಟ್ಟ ಸಂದರ್ಭದಲ್ಲಿ ಪೂರ್ತಿ 10,00,000 ಬೇಕು.

ಸಾರ್ಟಿಂಗ್ ಉತ್ತರ ಸರಿ ಇದ್ದರೂ ಅಂಕ ಕಡಿಮೆ ಬಂತು. ಯಾಕಿರಬಹುದು?

ಪ್ರತಿ ಪಾಸ್ (ಪಟ್ಟಿಯ ಮೇಲೆ ಒಂದು ಸುತ್ತು) ಆದ ಮೇಲೆ ಪಟ್ಟಿ ಹೇಗಿರುತ್ತದೆ ಅಂತ ಕೇಳಿರುತ್ತಾರೆ, ನೀವು ಕೊನೆಯ ಪಟ್ಟಿ ಮಾತ್ರ ಬರೆದಿರುತ್ತೀರಿ. 7, 3, 9, 2 ತೆಗೆದುಕೊಳ್ಳಿ. ಬಬಲ್ ಸಾರ್ಟಿನಲ್ಲಿ ಮೊದಲ ಪಾಸ್ ಆದ ಮೇಲೆ 3, 7, 2, 9. ಎರಡನೆಯದರ ಮೇಲೆ 3, 2, 7, 9. ಮೂರನೆಯದರ ಮೇಲೆ 2, 3, 7, 9. ಹೋಲಿಕೆಗಳು 3, 2, 1, ಒಟ್ಟು 6. ಈ ಪಟ್ಟಿಯನ್ನೇ ಇನ್ಸರ್ಷನ್ ಸಾರ್ಟಿನಲ್ಲಿ ಮಾಡಿದರೆ ನಡುವಿನ ಸಾಲುಗಳು ಬೇರೆ ಬರುತ್ತವೆ. ಪರೀಕ್ಷಕರು ನೋಡುವುದು ಆ ನಡುವಿನ ಸಾಲುಗಳನ್ನೇ.

ಸ್ಟ್ಯಾಕ್ ಬಳಸಿ ಪೋಸ್ಟ್‌ಫಿಕ್ಸ್ ಬಿಡಿಸುವಾಗ ಉತ್ತರ ತಪ್ಪುತ್ತದೆ.

ಕೂಡುವಾಗ, ಗುಣಿಸುವಾಗ ತಪ್ಪುವುದಿಲ್ಲ, ಕಳೆಯುವಾಗ ಮತ್ತು ಭಾಗಿಸುವಾಗ ಮಾತ್ರ ತಪ್ಪುತ್ತದೆ ಅಲ್ವಾ? ಪೋಸ್ಟ್‌ಫಿಕ್ಸ್‌ನಲ್ಲಿ ಚಿಹ್ನೆ ಎರಡು ಸಂಖ್ಯೆಗಳ ನಂತರ ಬರುತ್ತದೆ. ಸ್ಟ್ಯಾಕಿನಿಂದ ಮೊದಲು ಹೊರಬಂದ ಸಂಖ್ಯೆ ಬಲಗಡೆಯದು. 8 2 / ಅಂದರೆ ಮೊದಲು 2 ಬರುತ್ತದೆ, ಆಮೇಲೆ 8. ಲೆಕ್ಕ 8 / 2, ಅಂದರೆ 4.

ಬೈನರಿ, ಹೆಕ್ಸ್, ಟೂಸ್ ಕಾಂಪ್ಲಿಮೆಂಟ್ ಲೆಕ್ಕಗಳಲ್ಲಿ ಸಣ್ಣ ತಪ್ಪುಗಳಾಗುತ್ತವೆ. ತಪ್ಪಿಸುವುದು ಹೇಗೆ?

ಮಾಡಿದ ಲೆಕ್ಕವನ್ನು ಹಿಂದಕ್ಕೆ ಮಾಡಿ ನೋಡುವುದರಿಂದ. ಟೂಸ್ ಕಾಂಪ್ಲಿಮೆಂಟ್ ಅಂದರೆ ಋಣ ಸಂಖ್ಯೆಯನ್ನೂ ಬೈನರಿಯಲ್ಲಿ ಬರೆಯುವ ರೀತಿ. ಅದರಲ್ಲಿ 8 ಬಿಟ್‌ನಲ್ಲಿ -13 ಬೇಕು ಅಂದುಕೊಳ್ಳಿ. 13 ಅಂದರೆ 00001101. ತಿರುಗಿಸಿದರೆ 11110010. ಒಂದು ಕೂಡಿಸಿದರೆ 11110011. ಇಲ್ಲಿಗೆ ನಿಲ್ಲಿಸಬೇಡಿ. ಎಡತುದಿಯ ಬಿಟ್‌ನ ಬೆಲೆ -128 ಅಂತ ಹಿಡಿದು ಕೂಡಿ: -128 + 64 + 32 + 16 + 2 + 1 = -13. ಸರಿಯಾಯಿತು. ಅರ್ಧ ನಿಮಿಷದ ಕೆಲಸ, ಅಂಕ ಖಚಿತ. ಎಡತುದಿಯ ಬಿಟ್‌ಗೆ -128 ಬೆಲೆ ಇರುವುದರಿಂದಲೇ 8 ಬಿಟ್‌ನ ವ್ಯಾಪ್ತಿ -128ರಿಂದ 127ರವರೆಗೆ. ಇದನ್ನು ಬೇರೆಯಾಗಿ ನೆನಪಿಡಬೇಕಿಲ್ಲ.

ಬೈನರಿಯಿಂದ ಹೆಕ್ಸ್‌ಗೆ (16ರ ಆಧಾರದ ಸಂಖ್ಯೆಗೆ) ಹೋಗಲು ನಡುವೆ ದಶಮಾನ ಬೇಡ. ಬಲದಿಂದ ನಾಲ್ಕು ನಾಲ್ಕು ಬಿಟ್ ಗುಂಪು ಮಾಡಿ. 100 ಅಂದರೆ 0110 0100, ಹೆಕ್ಸ್‌ನಲ್ಲಿ 64. ಎಡದಿಂದ ಗುಂಪು ಮಾಡುವುದು ಇಲ್ಲಿನ ಮಾಮೂಲಿ ತಪ್ಪು.

ಭಿನ್ನರಾಶಿಯಲ್ಲಿ 0.625 ಸಲೀಸಾಗಿ 0.101 ಆಗುತ್ತದೆ. ಆದರೆ 0.1 ಬೈನರಿಯಲ್ಲಿ ಮುಗಿಯುವುದೇ ಇಲ್ಲ, ಅದೇ ಅಂಕೆಗಳು ಮರುಕಳಿಸುತ್ತಾ ಹೋಗುತ್ತವೆ. ಅದಕ್ಕೇ ಪೈಥಾನಿನಲ್ಲಿ 0.1 ಮತ್ತು 0.2 ಕೂಡಿಸಿ 0.3ಕ್ಕೆ ಹೋಲಿಸಿದರೆ ಸಮ ಅಲ್ಲ ಅನ್ನುತ್ತದೆ. 'ಯಾಕೆ' ಅಂತ ಕೇಳಿದರೆ ಬರೆಯಬೇಕಾದ ಉತ್ತರ ಇದೇ.

ಆಸ್ಕಿ, ಯೂನಿಕೋಡ್ ಬಗ್ಗೆ ಎಷ್ಟು ಓದಬೇಕು?

ಆಸ್ಕಿ 7 ಬಿಟ್, 128 ಸಂಕೇತ. ಪ್ರಪಂಚದ ಎಲ್ಲ ಲಿಪಿಗಳಿಗೆ ಅದು ಸಾಲದು, ಅದಕ್ಕೆ ಯೂನಿಕೋಡ್. ಪರೀಕ್ಷೆಗೆ ಮುಖ್ಯವಾಗಿ ಬೇಕಾದ್ದು ಇಷ್ಟು. ಆದರೆ ಒಂದು ಪ್ರಯೋಗ ಮಾಡಿ ನೋಡಿ, ಖುಷಿಯಾಗುತ್ತದೆ. ಪೈಥಾನ್ 3ರಲ್ಲಿ 'ಕನ್ನಡ' ಅನ್ನುವ ಸ್ಟ್ರಿಂಗಿನ ಉದ್ದ ಕೇಳಿ. ಕಣ್ಣಿಗೆ ಕಾಣುವುದು ಮೂರು ಅಕ್ಷರ, ಅದು ಹೇಳುವುದು 5. ಕ, ನ, ಅರ್ಧಾಕ್ಷರದ ಚಿಹ್ನೆ, ಮತ್ತೆ ನ, ಡ. ಯುಟಿಎಫ್-8ರಲ್ಲಿ (ಯೂನಿಕೋಡನ್ನು ಬೈಟುಗಳಾಗಿ ಬರೆಯುವ ರೀತಿಯಲ್ಲಿ) ಒಂದೊಂದಕ್ಕೂ 3 ಬೈಟ್, ಒಟ್ಟು 15 ಬೈಟ್. ಅಕ್ಷರ, ಸಂಕೇತ, ಬೈಟ್ ಮೂರೂ ಬೇರೆ ಬೇರೆ ಅನ್ನುವುದು ಇದರಷ್ಟು ಚೆನ್ನಾಗಿ ಬೇರೆ ಎಲ್ಲೂ ಕಾಣುವುದಿಲ್ಲ.

ಕಾರ್ನೋ ಮ್ಯಾಪ್‌ನಲ್ಲಿ ಕಂಬಗಳ ಕ್ರಮ 00, 01, 11, 10 ಯಾಕೆ?

ಒಳ್ಳೆಯ ಪ್ರಶ್ನೆ. ತುಂಬ ಜನ ಕೇಳುವುದೇ ಇಲ್ಲ, ಸುಮ್ನೆ ಒಪ್ಪಿಕೊಳ್ಳುತ್ತಾರೆ. ಆಮೇಲೆ ಪರೀಕ್ಷೆಯ ಗಡಿಬಿಡಿಯಲ್ಲಿ 00, 01, 10, 11 ಬರೆದು ಇಡೀ ಲೆಕ್ಕ ಕಳೆದುಕೊಳ್ಳುತ್ತಾರೆ.

ಕಾರ್ನೋ ಮ್ಯಾಪ್ ಅಂದರೆ ತರ್ಕದ ಸೂತ್ರವನ್ನು ಚಿಕ್ಕದು ಮಾಡಲು ಹಾಕುವ ಮನೆಗಳ ಚೌಕ. ಪಕ್ಕಪಕ್ಕದ ಮನೆಗಳಲ್ಲಿ ಒಂದೇ ಒಂದು ಬಿಟ್ ಬದಲಾಗಬೇಕು, ಈ ಮ್ಯಾಪಿನ ಜೀವಾಳವೇ ಅದು. 01ರಿಂದ 10ಕ್ಕೆ ಹೋದರೆ ಎರಡೂ ಬಿಟ್ ಬದಲಾಗುತ್ತವೆ. 01ರಿಂದ 11ಕ್ಕೆ ಹೋದರೆ ಒಂದೇ. ಒಂದೇ ಬಿಟ್ ಬದಲಾದರೆ ತಾನೇ ಆ ವೇರಿಯಬಲ್ ಲೆಕ್ಕಕ್ಕಿಲ್ಲ ಅಂತ ತೆಗೆದುಹಾಕಲು ಆಗುವುದು! ಕೊನೆಯ 10ರಿಂದ ಮೊದಲ 00ಗೂ ಒಂದೇ ಬಿಟ್ ಬದಲಾವಣೆ. ಅದಕ್ಕೇ ಎಡ ಅಂಚು ಮತ್ತು ಬಲ ಅಂಚು ಪಕ್ಕಪಕ್ಕದವೇ. ನಾಲ್ಕು ಮೂಲೆಗಳನ್ನೂ ಒಂದು ಗುಂಪು ಮಾಡಬಹುದು. ಗುಂಪಿನಲ್ಲಿ 2 ಮನೆ ಇದ್ದರೆ ಒಂದು ವೇರಿಯಬಲ್ ಹೋಗುತ್ತದೆ, 4 ಇದ್ದರೆ ಎರಡು, 8 ಇದ್ದರೆ ಮೂರು. 3 ಅಥವಾ 6 ಮನೆಗಳ ಗುಂಪು ಇಲ್ಲವೇ ಇಲ್ಲ.

ಈ ಗಣಿತ ನಮಗೆ ಯಾಕೆ ಅನ್ನಿಸಿದರೆ, ಇದರ ದಾರಿ ನೋಡಿ. ಜಾರ್ಜ್ ಬೂಲ್ 19ನೇ ಶತಮಾನದಲ್ಲಿ ತರ್ಕವನ್ನು ಬೀಜಗಣಿತದ ಹಾಗೆ ಬರೆದರು. 1937ರಲ್ಲಿ ಕ್ಲಾಡ್ ಶಾನನ್ ತಮ್ಮ ಪ್ರಬಂಧದಲ್ಲಿ ಅದೇ ಬೀಜಗಣಿತದಿಂದ ಸ್ವಿಚ್‌ಗಳ ಸರ್ಕ್ಯೂಟ್ ಬಿಡಿಸಬಹುದು ಅಂತ ತೋರಿಸಿದರು. ಮಾರಿಸ್ ಕಾರ್ನೋ ಈ ಮ್ಯಾಪನ್ನು ಕೊಟ್ಟದ್ದು 1953ರಲ್ಲಿ. ಗೇಟ್ ಒಂದು ಕಡಿಮೆಯಾದರೆ ಸರ್ಕ್ಯೂಟ್ ಸರಳವಾಗುತ್ತದೆ, ಅಷ್ಟು ನೇರವಾದ ಉಪಯೋಗ ಇದಕ್ಕಿದೆ.

ಎಸ್‌ಕ್ಯೂಎಲ್‌ನಲ್ಲಿ ಎಲ್ಲಿ ಎಡವುತ್ತಾರೆ?

ಡೇಟಾಬೇಸಿನಿಂದ ಮಾಹಿತಿ ಕೇಳುವ ಈ ಭಾಷೆಯಲ್ಲಿ ಹೆಚ್ಚಾಗಿ ಎರಡು ಕಡೆ. ಒಂದು, ವೇರ್ ಮತ್ತು ಹ್ಯಾವಿಂಗ್. ವೇರ್ ಸಾಲುಗಳನ್ನು ಸೋಸುತ್ತದೆ, ಗುಂಪು ಮಾಡುವ ಮೊದಲು. ಹ್ಯಾವಿಂಗ್ ಗುಂಪುಗಳನ್ನು ಸೋಸುತ್ತದೆ, ಗುಂಪು ಮಾಡಿದ ಮೇಲೆ. 'ಸರಾಸರಿ 60ಕ್ಕಿಂತ ಜಾಸ್ತಿ ಇರುವ ತರಗತಿಗಳು' ಅಂದರೆ ಸರಾಸರಿ ಹುಟ್ಟುವುದೇ ಗುಂಪಾದ ಮೇಲೆ, ಹಾಗಾಗಿ ಹ್ಯಾವಿಂಗ್.

ಇನ್ನೊಂದು, ನಲ್. ನಲ್ ಅಂದರೆ ಸೊನ್ನೆ ಅಲ್ಲ, ಬೆಲೆಯೇ ಇಲ್ಲ ಅಂತ. ನಾಲ್ವರ ಅಂಕಗಳು 80, 60, ನಲ್, 40 ಅಂತಿದ್ದರೆ ಸರಾಸರಿ 180ನ್ನು 3ರಿಂದ ಭಾಗಿಸಿ 60. ನಾಲ್ಕರಿಂದ ಭಾಗಿಸಿ 45 ಬರೆದರೆ ತಪ್ಪು. ಕೌಂಟ್‌ಗೆ ನಕ್ಷತ್ರ ಕೊಟ್ಟರೆ 4, ಅಂಕದ ಕಾಲಂ ಕೊಟ್ಟರೆ 3. ನಲ್ ಹುಡುಕುವಾಗ ಸಮ ಚಿಹ್ನೆ ಹಾಕಬಾರದು, 'ಈಸ್ ನಲ್' ಅಂತಲೇ ಬರೆಯಬೇಕು.

ಎರಡು ಟೇಬಲ್ ಜೋಡಿಸುವಾಗ ಷರತ್ತು ಮರೆತರೆ ಕಾರ್ಟೀಸಿಯನ್ ಗುಣಲಬ್ಧ ಬರುತ್ತದೆ. 4 ಸಾಲಿನ ಟೇಬಲ್, 5 ಸಾಲಿನ ಟೇಬಲ್, ಉತ್ತರ 20 ಸಾಲು. ಕಾಲಂಗಳು ಮಾತ್ರ ಗುಣಿಸುವುದಿಲ್ಲ, ಕೂಡುತ್ತವೆ.

ಥಿಯರಿ ಪುಟಗಟ್ಟಲೆ ಬರೆದರೂ ಪೂರ್ತಿ ಅಂಕ ಬರುವುದಿಲ್ಲವಲ್ಲ?

ಪುಟಕ್ಕೆ ಅಂಕ ಇಲ್ಲ, ಅಂಶಕ್ಕೆ ಅಂಕ. ಎರಡು ಅಂಕದ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಬೇರೆ ಬೇರೆ ಅಂಶ ಬೇಕು. ಒಂದೇ ಅಂಶವನ್ನು ಎರಡು ಥರ ಹೇಳಿದರೆ ಒಂದೇ ಅಂಕ.

'ವೇಗವಾಗಿದೆ', 'ಸುರಕ್ಷಿತ', 'ಸುಲಭ' ಅನ್ನುವ ಮಾತುಗಳನ್ನು ಒಂಟಿಯಾಗಿ ಬಿಡಬೇಡಿ. ಯಾವುದಕ್ಕಿಂತ ವೇಗ, ಯಾಕೆ ವೇಗ? 'ಎಸ್‌ಎಸ್‌ಡಿ ವೇಗವಾಗಿದೆ' ಅನ್ನುವುದು ಅರ್ಧ ಉತ್ತರ. 'ಹಾರ್ಡ್ ಡಿಸ್ಕಿನಲ್ಲಿ ತಿರುಗುವ ತಟ್ಟೆ, ಚಲಿಸುವ ಹೆಡ್ ಸರಿಯಾದ ಜಾಗಕ್ಕೆ ಬರುವವರೆಗೆ ಕಾಯಬೇಕು. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವಿಲ್ಲ, ಆದ್ದರಿಂದ ಡೇಟಾ ಬೇಗ ಸಿಗುತ್ತದೆ' ಅನ್ನುವುದು ಪೂರ್ತಿ ಉತ್ತರ.

ವ್ಯತ್ಯಾಸ ಕೇಳಿದಾಗ ಎರಡೂ ಬದಿಯಲ್ಲಿ ಒಂದೇ ಗುಣವನ್ನು ಹೋಲಿಸಿ. ಎಡಗಡೆ ಕಂಪೈಲರಿನ ವೇಗ, ಬಲಗಡೆ ಇಂಟರ್‌ಪ್ರಿಟರ್ ತಪ್ಪು ತೋರಿಸುವ ರೀತಿ ಬರೆದರೆ ಅದು ವ್ಯತ್ಯಾಸ ಆಗುವುದಿಲ್ಲ.

ನೆಟ್‌ವರ್ಕ್ ಪಾಠದಲ್ಲಿ ನೆನಪಿಡಬೇಕಾದ ಸಂಖ್ಯೆಗಳು ಯಾವುವು?

ಐಪಿವಿ4 ವಿಳಾಸ 32 ಬಿಟ್, ನಾಲ್ಕು ಭಾಗ, ಒಂದೊಂದೂ 0ಯಿಂದ 255ರವರೆಗೆ. ಐಪಿವಿ6 128 ಬಿಟ್. ಮ್ಯಾಕ್ ವಿಳಾಸ 48 ಬಿಟ್. ವೇಗದ ಲೆಕ್ಕದಲ್ಲಿ ಬಿಟ್ ಮತ್ತು ಬೈಟ್ ಬೆರೆಸಬೇಡಿ. ಸೆಕೆಂಡಿಗೆ 8 ಮೆಗಾಬಿಟ್ ಅಂದರೆ 1 ಮೆಗಾಬೈಟ್. 60 ಮೆಗಾಬೈಟ್ ಫೈಲಿಗೆ 60 ಸೆಕೆಂಡು ಬೇಕು, ಏಳೂವರೆ ಅಲ್ಲ.

ಮನೆಯಲ್ಲಿ ಕಂಪ್ಯೂಟರ್ ಇಲ್ಲ. ತಯಾರಿ ಆಗುತ್ತದಾ?

ಲಿಖಿತ ಪರೀಕ್ಷೆಗೆ ಖಂಡಿತ ಆಗುತ್ತದೆ. ಮೇಲೆ ಹೇಳಿದ ಟ್ರೇಸ್ ಟೇಬಲ್, ಸಾರ್ಟಿಂಗ್, ಕಾರ್ನೋ ಮ್ಯಾಪ್, ಎಸ್‌ಕ್ಯೂಎಲ್ ಔಟ್‌ಪುಟ್ ಯಾವುದಕ್ಕೂ ಯಂತ್ರ ಬೇಡ. ಲ್ಯಾಬ್ ಸಮಯ ಸಿಕ್ಕಾಗ ಅಲ್ಲಿ ಕೂತು ಯೋಚಿಸಬೇಡಿ. ಪ್ರೋಗ್ರಾಂ ಬರೆದುಕೊಂಡೇ ಹೋಗಿ, ಅಲ್ಲಿ ಓಡಿಸಿ ನೋಡಿ.

ಎಐ ಚಾಟ್‌ಬಾಟ್ ಹತ್ತಿರ ಪ್ರೋಗ್ರಾಂ ಬರೆಸಿಕೊಂಡು ಓದಬಹುದಾ?

ನೀವು ಒಮ್ಮೆ ಪ್ರಯತ್ನಿಸಿದ ಮೇಲೆ ಬೇಕಾದರೆ ಕೇಳಿ. ಮೊದಲೇ ಬೇಡ. ಸಿದ್ಧ ಉತ್ತರ ಓದುವಾಗ ಎಲ್ಲ ಅರ್ಥವಾದ ಹಾಗೆ ಅನ್ನಿಸುತ್ತದೆ. ಮರುದಿನ ಖಾಲಿ ಹಾಳೆ ಮುಂದೆ ಕೂತಾಗ ಗೊತ್ತಾಗುತ್ತದೆ. 'ನನ್ನ ಪ್ರೋಗ್ರಾಮಿನಲ್ಲಿ ತಪ್ಪು ಎಲ್ಲಿದೆ, ಉತ್ತರ ಹೇಳಬೇಡ, ಸುಳಿವು ಕೊಡು' ಅಂತ ಕೇಳುವುದು ಒಳ್ಳೆಯದು. ಅದು ಕೊಟ್ಟ ಉತ್ತರವೂ ತಪ್ಪಿರಬಹುದು. ಓಡಿಸಿ ನೋಡದೆ ನಂಬಬೇಡಿ.

ಪ್ರಾಕ್ಟಿಕಲ್ ಮತ್ತು ವೈವಾಗೆ ಹೇಗೆ ತಯಾರಾಗಲಿ?

ನಿಮ್ಮದೇ ಪ್ರೋಗ್ರಾಂ ತೆಗೆದು ಅದನ್ನು ಕೆಡಿಸಿ ನೋಡಿ. ಈ ಸಾಲು ತೆಗೆದರೆ ಏನಾಗುತ್ತದೆ? ಇನ್‌ಪುಟ್ ಖಾಲಿ ಕೊಟ್ಟರೆ? ಸೊನ್ನೆ ಕೊಟ್ಟರೆ? ವೈವಾದಲ್ಲಿ ಕೇಳುವುದು ಇಂಥದ್ದನ್ನೇ. ಪ್ರಾಜೆಕ್ಟ್ ಬೇರೆಯವರದ್ದಾದರೆ ಎರಡನೇ ಪ್ರಶ್ನೆಗೇ ಗೊತ್ತಾಗಿಬಿಡುತ್ತದೆ. ಸಣ್ಣದಾದರೂ ನಿಮ್ಮ ಕೈಯಾರೆ ಮಾಡಿದ್ದೇ ಇರಲಿ.

ಲ್ಯಾಬಿನಲ್ಲಿ ಎರರ್ ಬಂದರೆ ಗಾಬರಿ ಬೇಡ. ಪೈಥಾನಿನಲ್ಲಾದರೆ ಸಂದೇಶದ ಕೊನೆಯ ಸಾಲನ್ನು ಮೊದಲು ಓದಿ, ಏನು ತಪ್ಪು ಅಂತ ಅಲ್ಲಿರುತ್ತದೆ. ಸಿ++ನಲ್ಲಾದರೆ ಮೊದಲ ಎರರ್ ಸರಿಮಾಡಿ. ಉಳಿದವುಗಳಲ್ಲಿ ಹಲವು ಅದರಿಂದಲೇ ಹುಟ್ಟಿರುತ್ತವೆ.

ಒಂದೇ ವಾರ ಉಳಿದಿದೆ. ಈಗ ಏನು ಮಾಡಲಿ?

ಹೊಸ ಅಧ್ಯಾಯ ಬೇಡ. ದಿನಕ್ಕೊಂದು ಹಳೆಯ ಪತ್ರಿಕೆ, ಗಡಿಯಾರ ಇಟ್ಟುಕೊಂಡು, ಪೂರ್ತಿ ಬರೆಯಿರಿ. ಸಂಜೆ ತಪ್ಪಾದದ್ದನ್ನು ಮಾತ್ರ ಓದಿ. ರಾತ್ರಿ ನಿದ್ದೆ ಬಿಡಬೇಡಿ. ಟ್ರೇಸ್ ಮಾಡಲು ಎಚ್ಚರದ ತಲೆ ಬೇಕು.

ಪ್ರೋಗ್ರಾಂ ಅರ್ಧ ಮಾತ್ರ ಗೊತ್ತಿದ್ದರೆ ಬರೆಯಬೇಕಾ, ಬಿಡಬೇಕಾ?

ಬರೆಯಿರಿ. ಇನ್‌ಪುಟ್ ತೆಗೆದುಕೊಳ್ಳುವುದು, ಲೂಪಿನ ಷರತ್ತು, ಕೊನೆಯಲ್ಲಿ ತೋರಿಸುವುದು, ಸಾಮಾನ್ಯವಾಗಿ ಒಂದೊಂದಕ್ಕೂ ಬೇರೆ ಅಂಕ ಇರುತ್ತದೆ. ನಡುವೆ ಗೊತ್ತಿಲ್ಲದ ಕಡೆ ಏನು ಆಗಬೇಕು ಅಂತ ಕಾಮೆಂಟಿನಲ್ಲಿ ಬರೆಯಿರಿ. ಬರೆದದ್ದನ್ನು ಗೀಚಿ ಹಾಕುವ ಮೊದಲು ಬದಲಿ ಉತ್ತರ ಸಿದ್ಧವಿದೆಯಾ ಅಂತ ನೋಡಿಕೊಳ್ಳಿ.

ಪರೀಕ್ಷೆಯಲ್ಲಿ ಸಮಯ ಹೇಗೆ ಹಂಚಿಕೊಳ್ಳಲಿ?

ಅಂಕಕ್ಕೆ ತಕ್ಕ ನಿಮಿಷ. 80 ಅಂಕ, 180 ನಿಮಿಷ ಅಂದುಕೊಳ್ಳಿ. 20 ನಿಮಿಷ ಕೊನೆಗೆ ಎತ್ತಿಟ್ಟರೆ ಅಂಕಕ್ಕೆ 2 ನಿಮಿಷ ಸಿಗುತ್ತದೆ. 5 ಅಂಕದ ಪ್ರೋಗ್ರಾಮಿಗೆ 10 ನಿಮಿಷ ದಾಟಿದರೆ ಜಾಗ ಬಿಟ್ಟು ಮುಂದೆ ಹೋಗಿ. ಔಟ್‌ಪುಟ್ ಪ್ರಶ್ನೆಗಳನ್ನು ಆರಂಭದಲ್ಲೇ, ತಲೆ ಹಗುರ ಇರುವಾಗಲೇ ಮುಗಿಸಿ.

ಕೊನೆಯ 20 ನಿಮಿಷದಲ್ಲಿ ಏನು ನೋಡಬೇಕು?

ಎಲ್ಲವನ್ನೂ ಮತ್ತೆ ಓದಲು ಹೋಗಬೇಡಿ. ಪ್ರಶ್ನೆ ಸಂಖ್ಯೆ ಸರಿ ಇದೆಯಾ, ಯಾವುದಾದರೂ ಬಿಟ್ಟುಹೋಗಿದೆಯಾ ಅಂತ ಮೊದಲು ನೋಡಿ. ಆಮೇಲೆ ಪ್ರತಿ ಲೂಪಿಗೂ ಎರಡು ಪ್ರಶ್ನೆ: ಶುರುವಿನ ಬೆಲೆ ಕೊಟ್ಟಿದ್ದೇನಾ, ಕೊನೆಯ ಸುತ್ತು ಸರಿಯಾಗಿ ನಿಲ್ಲುತ್ತದಾ? ಫಂಕ್ಷನ್ ಬೆಲೆ ಹಿಂದಿರುಗಿಸಬೇಕು ಅಂತ ಕೇಳಿದ್ದರೆ ರಿಟರ್ನ್ ಬರೆದಿದ್ದೀರಾ, ಅಥವಾ ಪ್ರಿಂಟ್ ಮಾಡಿ ಬಿಟ್ಟಿದ್ದೀರಾ? ಫೈಲ್ ತೆರೆದಿದ್ದರೆ ಮುಚ್ಚಿದ್ದೀರಾ? ಆಮೇಲೂ ಸಮಯ ಇದ್ದರೆ ಕೆಂಪು ಪೆನ್ನಿನಲ್ಲಿ ನೀವು ಅತಿ ಹೆಚ್ಚು ಸಲ ಗುರುತು ಮಾಡಿದ್ದ ಆ ಒಂದು ತಪ್ಪನ್ನು ಎಲ್ಲ ಪ್ರೋಗ್ರಾಮಿನಲ್ಲೂ ಹುಡುಕಿ.